ಮನೆ ಮಾರಿ ಕ್ಯಾಂಪರ್ ಗಾಡಿಯಲ್ಲೇ ಬದುಕೋಣವಾ? ಹೊರಡಿ, ಆದರೆ ಮಾರಬೇಡಿ

ನಿಮಗೆ 56, ನಿಮ್ಮ ಮನೆಯವರಿಗೆ 52. ಮಗಳು ಪುಣೆಯಲ್ಲಿ ಕೆಲಸದಲ್ಲಿದ್ದಾಳೆ. ಬೆಂಗಳೂರಿನ ವಿಜಯನಗರದಲ್ಲಿ 30–40 ಸೈಟಿನ ಮನೆ, ಸಾಲ ತೀರಿದೆ. ಅದನ್ನು ಮಾರಿ, ಒಂದು ಟೆಂಪೋ ಟ್ರಾವೆಲರನ್ನು ಕ್ಯಾಂಪರ್, ಅಂದರೆ ಒಳಗೇ ಮಲಗಿ ಬದುಕುವಂಥ ಗಾಡಿ ಮಾಡಿಸಿ, ಉಳಿದ ದುಡ್ಡನ್ನು ಬ್ಯಾಂಕಿನಲ್ಲಿಟ್ಟು ವರ್ಷಪೂರ್ತಿ ಗಾಡಿಯಲ್ಲೇ ಇರೋಣವಾ ಅಂತ ಕೇಳಿದ್ದೀರಿ.

ಖಂಡಿತ ಹೊರಡಿ ಸರ್. ಮನೆ ಮಾತ್ರ ಮಾರಬೇಡಿ. ನಾವಿಬ್ಬರೂ ರಾಜಾಜಿನಗರದ ಮನೆಯ ಎರಡು ಪೋರ್ಷನ್ ಬಾಡಿಗೆಗೆ ಕೊಟ್ಟು, ವರ್ಷದ ಬಹುಪಾಲು ಗಾಡಿಯಲ್ಲೇ ಇರುತ್ತೇವೆ. ಈ ಬದುಕು ನಮಗೆ ತುಂಬಾ ಇಷ್ಟ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನೀವು ನೋಡಿರುವ ವಿಡಿಯೊಗಳು ಹೆಚ್ಚಾಗಿ ಅಮೆರಿಕದವು, ಅಲ್ವಾ? ಅಲ್ಲಿ ಮನೆ ಮಾರಿ ಹೊರಟವರಿಗೆ ಆಸರೆಯಾಗಿ ಒಂದು ದೊಡ್ಡ ವ್ಯವಸ್ಥೆಯೇ ಇದೆ. ಕರೆಂಟು, ನೀರು, ಕೊಳಚೆ ಪೈಪು ಮೂರನ್ನೂ ಕೊಡುವ ಪಾರ್ಕುಗಳು ದೇಶದ ತುಂಬಾ ಇವೆ. ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರಿ ಬಯಲು ಭೂಮಿಯ ಬಹಳಷ್ಟು ಕಡೆ ಒಂದೇ ಜಾಗದಲ್ಲಿ 14 ದಿನದವರೆಗೆ ಪುಕ್ಕಟೆ ತಂಗಬಹುದು. ಮನೆಯೇ ಇಲ್ಲದವರು ಸೌತ್ ಡಕೋಟ, ಟೆಕ್ಸಾಸ್, ಫ್ಲೋರಿಡಾದಲ್ಲಿ ಟಪಾಲು ಸೇವೆಯ ವಿಳಾಸ ತೆಗೆದುಕೊಂಡು, ಅದರ ಮೇಲೇ ಲೈಸೆನ್ಸು, ವಿಮೆ ಎಲ್ಲ ಮಾಡಿಸುತ್ತಾರೆ. ನಮ್ಮಲ್ಲಿ ಇವು ಯಾವುವೂ ಆ ಮಟ್ಟಕ್ಕಿಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಅಂತಲೇ ನೀತಿ ತಂದಿತು. ಅದು ಒಳ್ಳೆಯ ಶುರುವಾತು, ಆದರೆ ಅದು ಪ್ರವಾಸಿಗಳಿಗೆ. ಗಾಡಿಯನ್ನೇ ಮನೆ ಮಾಡಿಕೊಂಡವರಿಗೆ ಇಲ್ಲಿ ಆಸರೆ ಅಂದರೆ ಅವರ ಮನೆಯೇ.

ಮೊದಲು ದುಡ್ಡಿನ ಲೆಕ್ಕ. ಮನೆ ಮಾರಿದ ಲಾಭಕ್ಕೆ ಈಗ ಶೇ 12.5 ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದರೆ, ಹಣದುಬ್ಬರ ಕಳೆದು ಶೇ 20 ಕಟ್ಟುವ ದಾರಿಯೂ ಇದೆ. ಯಾವುದು ಕಡಿಮೆಯೋ ಅದು. ಮೇಲೆ ಸರ್ಚಾರ್ಜು, ಸೆಸ್ಸು ಬೇರೆ. ಇನ್ನೊಂದು ಮನೆ ಕೊಂಡರೆ ವಿನಾಯಿತಿ ಉಂಟು. 50 ಲಕ್ಷದವರೆಗೆ ನಿಗದಿತ ಬಾಂಡುಗಳಲ್ಲಿ 5 ವರ್ಷ ಕಟ್ಟಿಹಾಕಿದರೂ ಉಂಟು. ಗಾಡಿ ಕೊಂಡರೆ ಇಲ್ಲ. ಕಾನೂನಿನ ಕಣ್ಣಿಗೆ ಕ್ಯಾಂಪರ್ ಮನೆಯಲ್ಲ, ವಾಹನ.

ಇನ್ನು ವಾಪಸ್ ಬರುವ ದಾರಿ. ನಾಲ್ಕು ವರ್ಷ ಆದಮೇಲೆ ಸಾಕು ಅನಿಸಿತು ಅಂದುಕೊಳ್ಳಿ. ಆಗ ಬೆಂಗಳೂರಿನಲ್ಲಿ ಒಂದೂವರೆ ಕೋಟಿಯ ಮನೆ ಕೊಳ್ಳಲು ಹೋದರೆ, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2ಕ್ಕೆ ಏರಿರುವುದರಿಂದ, ಮುದ್ರಾಂಕ ಶುಲ್ಕವೂ ಸೇರಿ ಸುಮಾರು ಶೇ 7.6, ಅಂದರೆ 11 ಲಕ್ಷಕ್ಕೂ ಜಾಸ್ತಿ ಬರೀ ನೋಂದಣಿಗೇ ಹೋಗುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಗಾಡಿಯ ಬೆಲೆ ಇಳಿದಿರುತ್ತದೆ. ವಿಜಯನಗರದ ಸೈಟಿನ ಬೆಲೆ ಇಳಿದಿದ್ದನ್ನು ನೀವು ಕಂಡಿದ್ದೀರಾ? ನನಗಂತೂ ನೆನಪಿಲ್ಲ.

ಗಾಡಿಯಲ್ಲಿ ಕಷ್ಟ ಬರುವುದು ಜನ ಅಂದುಕೊಂಡ ಕಡೆಯಿಂದಲ್ಲ. ಊಟಕ್ಕೆ, ನಿದ್ದೆಗೆ ತೊಂದರೆ ಇಲ್ಲ. ಸಮಸ್ಯೆ ಸೆಕೆ, ಮಳೆ ಮತ್ತು ಟಾಯ್ಲೆಟ್. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರು ಕಡೆ ರಾತ್ರಿ ಹನ್ನೊಂದಾದರೂ ಗಾಡಿಯ ತಗಡು ಬಿಸಿ ಇರುತ್ತದೆ. ಚಿಕ್ಕ ಏಸಿ ಓಡಿದರೂ ಒಂದು ರಾತ್ರಿಗೆ ನಾಲ್ಕೈದು ಯೂನಿಟ್ ಬೇಕು. ಮೇಲಿನ 400 ವಾಟ್ ಸೋಲಾರ್ ಇಡೀ ದಿನ ಬಿಸಿಲು ಕುಡಿದರೂ ಕೊಡುವುದು ಸುಮಾರು ಎರಡು ಯೂನಿಟ್. ಹಾಗಾಗಿ ಬೇಸಿಗೆಯಲ್ಲಿ ಬಾಬಾಬುಡನ್‌ಗಿರಿ, ಕೊಡಗು, ಊಟಿ ಕಡೆಯ ತಂಪು ಹುಡುಕಲೇಬೇಕು. ಜೂನ್ ಬಂತೋ, ಮಲೆನಾಡಿನಲ್ಲಿ ಹಾಕಿದ ಬಟ್ಟೆ ಒಣಗುವುದಿಲ್ಲ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಗುಡ್ಡ ಕುಸಿದರೆ ಶಿರಾಡಿ, ಚಾರ್ಮಾಡಿ ಮುಚ್ಚುತ್ತವೆ. ಟಾಯ್ಲೆಟ್ ಟ್ಯಾಂಕು ಖಾಲಿ ಮಾಡುವ ಜಾಗವನ್ನು ಮೊದಲೇ ಕೇಳಿಕೊಂಡಿರಬೇಕು: ಪರಿಚಯದ ಹೋಂಸ್ಟೇ, ಲಾಡ್ಜು, ಇಲ್ಲವೇ ದೊಡ್ಡ ಪೆಟ್ರೋಲ್ ಬಂಕು. ಹಳ್ಳಕ್ಕೋ ಚರಂಡಿಗೋ ಸುರಿಯುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನಾಳೆ ಊರಿನವರು ಕ್ಯಾಂಪರ್ ಗಾಡಿಗಳನ್ನು ಒಳಗೇ ಬಿಡದಿದ್ದರೆ ಅದಕ್ಕೆ ಅವರೇ ಕಾರಣ.

ರಾತ್ರಿ ನಿಲ್ಲಿಸಲು ಕಾಫಿ ತೋಟದವರನ್ನು ಕೇಳಿ. ವಿಷಯ ವಿವರಿಸಿ ಕೇಳಿದರೆ ಬೇಡ ಅನ್ನುವವರು ಕಡಿಮೆ. ಕಾಡಿನ ರಸ್ತೆಯಲ್ಲಿ ಮಾತ್ರ ನಿಲ್ಲಬೇಡಿ. ಬಂಡೀಪುರದ ರಸ್ತೆಯಂತೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ.

ಗಾಡಿಯ ಒಳಗೆ ಏನೇ ಬದಲಾಯಿಸಿದರೂ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ನಮೂದಿಸಿ. ಇಲ್ಲದಿದ್ದರೆ ಅಪಘಾತವಾದಾಗ ವಿಮೆಯ ದುಡ್ಡಿಗೆ ಕುತ್ತು.

ಹಾಗಾದರೆ ಏನು ಮಾಡುವುದು? ಕೆಳಗಿನ ಮನೆ, ಮೊದಲ ಮಹಡಿ ಎರಡನ್ನೂ ಬಾಡಿಗೆಗೆ ಕೊಡಿ. ಟೆರೇಸಿನ ಮೇಲೆ ಒಂದು ರೂಮು, ಬಾತ್‌ರೂಮು ಇದ್ದರೆ ಅದನ್ನು ಯಾರಿಗೂ ಕೊಡಬೇಡಿ. ಬೀಗ ಹಾಕಿ ನಿಮಗೇ ಇಟ್ಟುಕೊಳ್ಳಿ. ಆಧಾರ್, ಓಟರ್ ಐಡಿ, ಬ್ಯಾಂಕು, ಗ್ಯಾಸು ಎಲ್ಲದಕ್ಕೂ ಹಳೇ ವಿಳಾಸವೇ ನಡೆಯುತ್ತದೆ. ಜ್ವರ ಬಂದರೆ, ಮಗಳ ಮದುವೆ ಮಾತುಕತೆ ಶುರುವಾದರೆ, ಮಳೆಗಾಲದಲ್ಲಿ ಇಬ್ಬರಿಗೂ ಬೇಜಾರಾದರೆ ಬಂದು ಇರಬಹುದು. ನಾವು ವರ್ಷದಲ್ಲಿ ಕೆಲವು ವಾರ ಹಾಗೆ ಇರುತ್ತೇವೆ.

ಲೀಸ್‌ಗೆ ಹಾಕಿ ಆ ದೊಡ್ಡ ಮೊತ್ತದಲ್ಲಿ ಗಾಡಿ ಕೊಳ್ಳುವ ಆಸೆ ಬರುತ್ತದೆ. ಬೇಡ. ಲೀಸ್ ದುಡ್ಡು ನಿಮ್ಮದಲ್ಲ, ಅವಧಿ ಮುಗಿದ ದಿನ ಅಷ್ಟನ್ನೂ ವಾಪಸ್ ಕೊಡಬೇಕು. ತಿಂಗಳ ಬಾಡಿಗೆಯೇ ಸರಿ. ಅದರಲ್ಲಿ ಡೀಸೆಲ್, ಊಟ ಕಳೆಯುತ್ತದೆ. ತೆರಿಗೆಯಲ್ಲೂ ಕಂದಾಯ ಕಳೆದ ಬಾಡಿಗೆಗೆ ಶೇ 30 ಕಡಿತ ಸಿಗುತ್ತದೆ. ಗಾಡಿಗೆ ದುಡ್ಡು ಸಾಲದಿದ್ದರೆ ವಾಹನ ಸಾಲ ತೆಗೆದು ಬಾಡಿಗೆಯಿಂದ ಕಂತು ಕಟ್ಟಿ.

ಗಾಡಿ ಮಾಡಿಸುವ ಮೊದಲು ಒಂದು ಕ್ಯಾಂಪರನ್ನು ಬಾಡಿಗೆಗೆ ತೆಗೆದುಕೊಂಡು ಎರಡು ಸಲ ಹೋಗಿ ಬನ್ನಿ: ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಜುಲೈನಲ್ಲಿ. ಡಿಸೆಂಬರ್‌ನಲ್ಲಿ ಎಲ್ಲರಿಗೂ ಚೆನ್ನಾಗಿಯೇ ಇರುತ್ತದೆ. ಮುಖ್ಯವಾಗಿ ನಿಮ್ಮ ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳಿ. ನಿಮ್ಮ ಪ್ರಶ್ನೆಯಲ್ಲಿ ಅವರ ವಯಸ್ಸು ಇದೆ, ಅವರ ಮಾತು ಇಲ್ಲ. ಅವರಿಗೂ ಸ್ಟೇರಿಂಗ್ ಹಿಡಿಯಲು ಬರಬೇಕು. 55 ದಾಟಿದವರಿಗೆ ಲೈಸೆನ್ಸು 5 ವರ್ಷಕ್ಕೊಮ್ಮೆ ನವೀಕರಣ, ಅದೂ ಡಾಕ್ಟರ ಸರ್ಟಿಫಿಕೇಟ್ ಜೊತೆ. ಒಬ್ಬರ ಕಣ್ಣೋ ಮಂಡಿಯೋ ಕೈಕೊಟ್ಟರೆ ಇನ್ನೊಬ್ಬರು ಊರು ಮುಟ್ಟಿಸಬೇಕು.

ಇದೇ ಪ್ರಶ್ನೆಯನ್ನು ಹಳೇ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಇರುವವರೋ, ಬಾಡಿಗೆಗಿಂತ ಜಾಸ್ತಿ ಕಂತು ಕಟ್ಟುತ್ತಿರುವವರೋ ಕೇಳಿದ್ದರೆ ನಾನು ಮಾರಿ ಅನ್ನುತ್ತಿದ್ದೆನೇನೋ. ಕಟ್ಟಡ ಹಳೆಯದಾಗುತ್ತದೆ, ಮೇಂಟೆನೆನ್ಸ್ ಏರುತ್ತದೆ, ನೆಲದಲ್ಲಿ ಅವರ ಪಾಲು ಚಿಕ್ಕದು. ನಿಮ್ಮದು ನೆಲ ಇರುವ, ಸಾಲ ಇಲ್ಲದ ಮನೆ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ) ಮಾಡಿಸಿಲ್ಲದಿದ್ದರೆ ಹೊರಡುವ ಮೊದಲೇ ಮಾಡಿಸಿಬಿಡಿ, ಮುಂದೆ ಯಾವಾಗ ಮಾರುವುದಾದರೂ ಅದಿಲ್ಲದೆ ನೋಂದಣಿ ಆಗುವುದಿಲ್ಲ. ಮನೆಗೆ ಬೀಗದ ಕೈ ಒಂದು ಜೊತೆ ಮಗಳ ಹತ್ತಿರವೂ ಇರಲಿ.