ಮಾಡ್ ಮಾಡಿದ ಸ್ವಿಚ್‌ಗೆ ಹಳೇ ಬ್ಯಾಕಪ್ ವಾಪಸ್ ಹಾಕಿದರೆ ಬ್ಯಾನ್ ಹೋಗುತ್ತದಾ?

ಹೋಗುವುದಿಲ್ಲ. ನೀವು ಕೇಳಿರುವುದು ಇಷ್ಟು ಅಲ್ವಾ: ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲನ್ನು ಮಾಡ್ ಮಾಡಿದ್ದೀರಿ (ಅಂದರೆ ಕಂಪನಿ ಒಪ್ಪದ ಸಾಫ್ಟ್‌ವೇರ್ ಓಡುವ ಹಾಗೆ ಬದಲಾಯಿಸಿದ್ದೀರಿ), ಅದಕ್ಕೂ ಮುಂಚೆ ಪೂರ್ತಿ ನ್ಯಾಂಡ್ (ಒಳಗಿನ ಮೆಮೊರಿ) ಬ್ಯಾಕಪ್ ತೆಗೆದಿಟ್ಟಿದ್ದೀರಿ, ನಾಳೆ ನಿಂಟೆಂಡೊ ಆನ್‌ಲೈನ್ ಬರದಂತೆ ಬ್ಯಾನ್ ಹಾಕಿದರೆ ಆ ಬ್ಯಾಕಪ್ ಹಾಕಿ ಮತ್ತೆ ಆನ್‌ಲೈನ್ ಆಡಬಹುದಾ ಅಂತ. ಬ್ಯಾಕಪ್ ಇರುವುದು ನಿಮ್ಮ ಹತ್ತಿರ, ಬ್ಯಾನ್ ಇರುವುದು ನಿಂಟೆಂಡೊ ಸರ್ವರ್‌ನಲ್ಲಿ. ನೀವು ಇಲ್ಲಿ ಏನೇ ಅಳಿಸಿ ಬರೆದರೂ ಅಲ್ಲಿ ಏನೂ ಬದಲಾಗುವುದಿಲ್ಲ.

ಸ್ವಿಚ್‌ನ ಒಳಗಿನ ಮೆಮೊರಿಯಲ್ಲಿ ಪ್ರಾಡ್‌ಇನ್ಫೋ ಅಂತ ಒಂದು ಚಿಕ್ಕ ಪಾರ್ಟಿಷನ್ ಇದೆ. ಸೀರಿಯಲ್ ನಂಬರ್, ಆ ಒಂದು ಕನ್ಸೋಲ್‌ಗೆ ಮಾತ್ರ ಸೇರಿದ ಸರ್ಟಿಫಿಕೇಟ್ ಎಲ್ಲಾ ಅದರಲ್ಲೇ. ಆನ್‌ಲೈನ್ ಹೋಗುವಾಗ ಕನ್ಸೋಲ್ ಆ ಸರ್ಟಿಫಿಕೇಟ್ ತೋರಿಸಿಯೇ ಒಳಗೆ ಹೋಗಬೇಕು. ಬ್ಯಾನ್ ಬೀಳುವುದೂ ಅದರ ಮೇಲೆಯೇ. ನಿಮ್ಮ ಹಳೇ ಬ್ಯಾಕಪ್‌ನಲ್ಲಿರುವುದೂ ಅದೇ ಸರ್ಟಿಫಿಕೇಟ್ ಆದ್ದರಿಂದ, ಫ್ಯಾಕ್ಟರಿಯಿಂದ ಈಗಷ್ಟೇ ಬಂದ ಹಾಗೆ ಮಾಡಿ ಇಟ್ಟರೂ 2124-4007 ಅನ್ನುವ ಎರರ್ ಬಂದೇ ಬರುತ್ತದೆ.

ಹಾಗಂತ ಬ್ಯಾಕಪ್ ದಂಡ ಅಂದುಕೊಳ್ಳಬೇಡಿ. ಅದರ ಕೆಲಸವೇ ಬೇರೆ. ಅಪ್‌ಡೇಟ್ ಅರ್ಧಕ್ಕೆ ನಿಂತು ಸಿಸ್ಟಮ್ ಕೆಟ್ಟರೆ, ಪಾರ್ಟಿಷನ್ ಹಾಳಾದರೆ, ಕನ್ಸೋಲ್ ಬೂಟ್ ಆಗದೆ ಕಪ್ಪು ಪರದೆ ತೋರಿಸುತ್ತಾ ಕೂತರೆ, ಆಗ ಅದೇ ಸುಲಭದ ದಾರಿ. ಮುಖ್ಯವಾಗಿ ಪ್ರಾಡ್‌ಇನ್ಫೋ ಹಾಳಾದರೆ ಬೇರೆಯವರ ಸ್ವಿಚ್‌ನಿಂದ ಹಾಗೇ ನೇರವಾಗಿ ತಂದು ಹಾಕಿ ಸರಿ ಮಾಡಲು ಆಗುವುದಿಲ್ಲ, ಪ್ರತಿ ಕನ್ಸೋಲ್‌ನ ನ್ಯಾಂಡ್ ಅದರದೇ ಕೀಗಳಿಂದ ಎನ್‌ಕ್ರಿಪ್ಟ್ ಆಗಿರುತ್ತದೆ. ಹಾಗಾಗಿ ಬ್ಯಾಕಪ್ ಜೊತೆಗೆ ಆ ಕೀ ಫೈಲನ್ನೂ ಇಟ್ಟುಕೊಳ್ಳಿ.

ನೀವು ಬ್ಯಾಕಪ್ ತೆಗೆದದ್ದು ಸರಿಯಾಗಿದೆಯಾ ಅಂತ ಒಮ್ಮೆ ನೋಡಿ. ಮಾಡ್ ಮಾಡಿದ ಸ್ವಿಚ್ ಬೂಟ್ ಮಾಡಲು, ಬ್ಯಾಕಪ್ ತೆಗೆಯಲು ಬಳಸುವ ಹೆಕಾಟೆ ಅನ್ನುವ ಟೂಲ್‌ನಲ್ಲಿ ಎರಡು ಬೇರೆ ಬೇರೆ ಆಯ್ಕೆ ಇವೆ: ಕನ್ಸೋಲ್ ಶುರುವಾಗಲು ಬೇಕಾದ ಚಿಕ್ಕ ಭಾಗಗಳಾದ ಬೂಟ್0 ಮತ್ತು ಬೂಟ್1 ಒಂದು, ಉಳಿದ ದೊಡ್ಡ ಭಾಗವಾದ ರಾ ಜಿಪಿಪಿ ಇನ್ನೊಂದು. ಎರಡೂ ಬೇಕು. ಎಷ್ಟೋ ಜನ ದೊಡ್ಡದನ್ನು ಮಾತ್ರ ತೆಗೆದು ಚಿಕ್ಕದನ್ನು ಮರೆಯುತ್ತಾರೆ. 32 ಜಿಬಿ ಮಾಡೆಲ್‌ನಲ್ಲಿ ದೊಡ್ಡ ಫೈಲ್ ಸುಮಾರು 29 ಜಿಬಿ ಬರುತ್ತದೆ, ಓಎಲ್ಇಡಿ ಮಾಡೆಲ್‌ನ ಮೆಮೊರಿ 64 ಜಿಬಿ ಆದ್ದರಿಂದ ಅದರ ಎರಡರಷ್ಟು. ಎಸ್‌ಡಿ ಕಾರ್ಡ್ ಫ್ಯಾಟ್32 ಅನ್ನುವ ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಅದಕ್ಕೇ ಅದು ತುಂಡು ತುಂಡಾಗಿ ಸೇವ್ ಆಗಿರುತ್ತದೆ. ಒಂದು ತುಂಡು ಕಳೆದರೂ ಇಡೀ ಬ್ಯಾಕಪ್ ಹೋದಂತೆ. ವೆರಿಫಿಕೇಷನ್ ಆನ್ ಇಟ್ಟೇ ತೆಗೆಯಿರಿ, ಸಮಯ ಜಾಸ್ತಿ ಹಿಡಿದರೂ ಪರವಾಗಿಲ್ಲ. ಆಮೇಲೆ ಕಂಪ್ಯೂಟರ್‌ಗೆ ಹಾಕಿ, ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿ. ಆ ಎಸ್‌ಡಿ ಕಾರ್ಡ್‌ನಲ್ಲೇ ಬಿಟ್ಟರೆ, ಮನೆ ಬೀಗದ ಇನ್ನೊಂದು ಕೀಲಿಯನ್ನೂ ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಬ್ಯಾಕಪ್ ಹಾಕಿದರೆ ಎಲ್ಲವೂ ಹಿಂದಕ್ಕೆ ಹೋಗುತ್ತದೆ ಅನ್ನುವುದೂ ತಪ್ಪು. ಕೆಲವು ಸಿಸ್ಟಮ್ ಅಪ್‌ಡೇಟ್‌ಗಳು ಬಂದಾಗ ಚಿಪ್‌ನಲ್ಲಿ ಫ್ಯೂಸ್ ಸುಡುತ್ತದೆ, ಅಂದರೆ ಮತ್ತೆ ಅಳಿಸಲಾಗದ ಒಂದು ಗುರುತು ಬೀಳುತ್ತದೆ. ಸುಟ್ಟಿದ್ದು ಸುಟ್ಟಿತು. ಅದಕ್ಕಿಂತ ಹಳೇ ಫರ್ಮ್‌ವೇರ್ ಇರುವ ಬ್ಯಾಕಪ್ ಹಾಕಿದರೆ ಮಾಮೂಲಿ ರೀತಿಯಲ್ಲಿ ಕನ್ಸೋಲ್ ಏಳುವುದೇ ಇಲ್ಲ, ಪ್ರತಿ ಸಲವೂ ಹೆಕಾಟೆ ಮೂಲಕವೇ ಬೂಟ್ ಮಾಡಬೇಕು. ಗೇಮ್ ಕಾರ್ಡ್ ಸ್ಲಾಟ್‌ಗೂ ತನ್ನದೇ ಫರ್ಮ್‌ವೇರ್ ಇದೆ, ಅದು ನ್ಯಾಂಡ್‌ನಲ್ಲಿ ಇರುವುದಲ್ಲ. ಹೊಸ ಸಿಸ್ಟಮ್‌ನಲ್ಲಿ ಕಾರ್ಡ್ ಹಾಕಿ ಅದು ಅಪ್‌ಡೇಟ್ ಆಗಿಬಿಟ್ಟರೆ, ಹಳೇ ಬ್ಯಾಕಪ್ ಹಾಕಿದ ಮೇಲೆ ಸ್ಲಾಟ್ ಕಾರ್ಡ್ ಓದದೇ ಇರಬಹುದು. ಸೇವ್ ಫೈಲ್‌ಗಳ ಕಥೆ ಉಲ್ಟಾ. ಅವು ಬ್ಯಾಕಪ್ ದಿನಕ್ಕೆ ಹಿಂದೆ ಹೋಗುತ್ತವೆ, ಆಮೇಲೆ ಆಡಿದ್ದೆಲ್ಲ ಮಾಯ. ಸೇವ್‌ಗಳನ್ನು ಬೇರೆಯಾಗಿ ತೆಗೆದಿಡಿ, ಜೆಕೆಎಸ್‌ವಿ ತರಹದ ಟೂಲ್ ಇದಕ್ಕೆ ಸಾಕು. ನನ್ನ ಅಭಿಪ್ರಾಯ ಕೇಳಿದರೆ ದಿನನಿತ್ಯ ಉಪಯೋಗಕ್ಕೆ ಬರುವ ಬ್ಯಾಕಪ್ ಇದೇ. ನ್ಯಾಂಡ್ ಬ್ಯಾಕಪ್ ಮುಟ್ಟದೆ ವರ್ಷಗಟ್ಟಲೆ ಕೂತಿರುತ್ತದೆ.

ಈಗ ಬ್ಯಾನ್ ವಿಷಯ. ಮಾಡ್ ಮಾಡಿದ ತಕ್ಷಣ ಯಾರೂ ಬಂದು ಹಿಡಿಯುವುದಿಲ್ಲ. ಆದರೆ ಕನ್ಸೋಲ್ ಏನೇನು ಓಡಿತು, ಏನು ಕ್ರ್ಯಾಶ್ ಆಯಿತು ಅನ್ನುವ ಲಾಗ್ ಬರೆದುಕೊಳ್ಳುತ್ತಲೇ ಇರುತ್ತದೆ. ವೈಫೈ ಆಫ್ ಇತ್ತು, ಆಫ್‌ಲೈನ್‌ನಲ್ಲೇ ಎಲ್ಲ ಮಾಡಿದೆ, ಈಗ ಆನ್ ಮಾಡಿದರೆ ಏನಂತೆ ಅನ್ನುತ್ತಾರಲ್ಲ, ಅಲ್ಲೇ ಎಡವುವುದು: ಕೂಡಿಟ್ಟ ಲಾಗ್ ನೆಟ್ ಸಿಕ್ಕ ಮೇಲೆ ಹೋಗುತ್ತದೆ. ಕಾಪಿ ಗೇಮ್ ಇನ್‌ಸ್ಟಾಲ್ ಮಾಡಿ ಆನ್‌ಲೈನ್ ಹೋಗುವುದು, ಆನ್‌ಲೈನ್ ಆಟದಲ್ಲಿ ಚೀಟ್ ಹಾಕುವುದು, ಪ್ರೊಫೈಲ್‌ಗೆ ಸ್ವಂತ ಚಿತ್ರ ಹಾಕುವುದು, ಇವು ಬ್ಯಾನ್ ಕೇಳಿ ತೆಗೆದುಕೊಳ್ಳುವ ಕೆಲಸಗಳು. ಪ್ರತಿ ಗೇಮ್ ಕಾರ್ಡ್‌ಗೂ ಅದರದೇ ಸರ್ಟಿಫಿಕೇಟ್ ಇರುತ್ತದೆ, ಒಂದೇ ಸರ್ಟಿಫಿಕೇಟ್ ಎರಡು ಕನ್ಸೋಲ್‌ನಿಂದ ಬಂದರೆ ಕಣ್ಣಿಗೆ ಬೀಳದೆ ಇರುತ್ತದಾ?

ನಿಮ್ಮ ಹಳೇ ಬ್ಯಾಕಪ್ ಬ್ಯಾನ್ ವಿಷಯದಲ್ಲಿ ಉಪಯೋಗಕ್ಕೆ ಬರುವುದು ಒಂದೇ ಒಂದು ಸಂದರ್ಭದಲ್ಲಿ. ಮಾಡ್ ಮಾಡಿದ ಮೇಲೆ ಕನ್ಸೋಲ್ ಒಮ್ಮೆಯೂ ನೆಟ್‌ಗೆ ಹೋಗಿಲ್ಲ ಅಂದರೆ, ಈಗಲೇ ಹಳೇ ಕ್ಲೀನ್ ಬ್ಯಾಕಪ್ ವಾಪಸ್ ಹಾಕಿದರೆ ಆ ಲಾಗ್ ಎಲ್ಲ ಅಳಿದುಹೋಗುತ್ತದೆ. ಅಂದರೆ ಬ್ಯಾನ್ ಬೀಳುವ ಮುಂಚೆ, ಆಮೇಲಲ್ಲ. ಹಾಕುವಾಗ ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ನಡುವೆ ಕೈ ಹಾಕಬೇಡಿ.

ಅದಾದ ಮೇಲೆ ಎಮುಎಂಎಂಸಿ ಮಾಡಿಕೊಳ್ಳಿ. ಅಂದರೆ ಸಿಸ್ಟಮ್‌ನ ಒಂದು ನಕಲು ಎಸ್‌ಡಿ ಕಾರ್ಡ್‌ನಲ್ಲಿ ಇರುತ್ತದೆ, ಅಟ್ಮಾಸ್ಫಿಯರ್ (ಮಾಡ್ ಸಾಫ್ಟ್‌ವೇರ್) ಓಡುವುದು ಅಲ್ಲಿ ಮಾತ್ರ, ಒಳಗಿನ ಅಸಲಿ ಸಿಸ್ಟಮ್ ಮುಟ್ಟುವುದೇ ಇಲ್ಲ. ಆಟ, ಮಾಡ್, ತಮಾಷೆ ಎಲ್ಲ ನಕಲಿನಲ್ಲಿ ಆಫ್‌ಲೈನ್, ದುಡ್ಡು ಕೊಟ್ಟು ಕೊಂಡ ಆಟಗಳು ಮಾತ್ರ ಅಸಲಿಯಲ್ಲಿ ಆನ್‌ಲೈನ್. ಒಂದು ವಿಷಯ ನೆನಪಿಡಿ, ನಕಲು ಮಾಡುವಾಗ ಸೇವ್ ಆಗಿರುವ ವೈಫೈ ಪಾಸ್‌ವರ್ಡ್ ಕೂಡ ನಕಲಾಗುತ್ತದೆ. ಮೊದಲ ಸಲ ಬೂಟ್ ಆದ ಕೂಡಲೇ ಸುಮ್ನೆ ತಾನೇ ಹೋಗಿ ನೆಟ್‌ಗೆ ಸೇರಿಕೊಳ್ಳುತ್ತದೆ! ಮುಂಚೆಯೇ ಅಸಲಿಯಲ್ಲಿ ವೈಫೈ ಅಳಿಸಿ ಆಮೇಲೆ ನಕಲು ಮಾಡಿ. ಅಟ್ಮಾಸ್ಫಿಯರ್‌ನ ಭಾಗವಾದ ಎಕ್ಸೋಸ್ಫಿಯರ್ ಸೆಟ್ಟಿಂಗ್‌ನಲ್ಲಿ ಎಮುಎಂಎಂಸಿಗೆ ಪ್ರಾಡ್‌ಇನ್ಫೋ ಖಾಲಿ ತೋರಿಸುವ ಆಯ್ಕೆ ಇದೆ, ಅದನ್ನೂ ಆನ್ ಮಾಡಿ, ಆಗ ನಕಲು ಅಕಸ್ಮಾತ್ ನೆಟ್‌ಗೆ ಹೋದರೂ ತೋರಿಸಲು ಸರ್ಟಿಫಿಕೇಟ್ ಇರುವುದಿಲ್ಲ. ಹೋಸ್ಟ್ಸ್ ಫೈಲ್‌ನಲ್ಲಿ (ಯಾವ ಸರ್ವರ್ ಹೆಸರು ಎಲ್ಲಿಗೆ ಹೋಗಬೇಕು ಅಂತ ಬರೆಯುವ ಫೈಲ್) ನಿಂಟೆಂಡೊ ಸರ್ವರ್‌ಗಳನ್ನು ತಡೆಯುವುದು ಇನ್ನೊಂದು ಬೇಲಿ. ಇಷ್ಟೆಲ್ಲ ಮಾಡಿದರೂ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆನ್‌ಲೈನ್ ಆಟವೇ ನಿಮಗೆ ಮುಖ್ಯ ಅನ್ನುವುದಾದರೆ ಮಾಡ್ ಮಾಡಿದ್ದು ಒಂದು, ಮಾಡದ್ದು ಇನ್ನೊಂದು ಇಟ್ಟುಕೊಳ್ಳುವುದೇ ನೆಮ್ಮದಿ.

ಈಗಾಗಲೇ ಬ್ಯಾನ್ ಆಗಿದ್ದರೆ ಯಾರದೋ ಪ್ರಾಡ್‌ಇನ್ಫೋ ಕೊಂಡು ಹಾಕುವ ಯೋಚನೆ ಬಿಡಿ. ಅದು ಇನ್ನೊಬ್ಬರ ಕನ್ಸೋಲ್‌ನ ಗುರುತು, ಅದಕ್ಕೂ ಬ್ಯಾನ್ ಬೀಳುತ್ತದೆ. ಅದೇ ಕಾರಣಕ್ಕೆ, ಸಹಾಯ ಮಾಡುತ್ತೇನೆ ಅಂತ ಯಾರಾದರೂ ನಿಮ್ಮ ಬ್ಯಾಕಪ್ ಫೈಲ್ ಕಳಿಸಿ ಅಂದರೆ ಕಳಿಸಬೇಡಿ. ಸ್ವಿಚ್ 2 ಮೇಲೂ ಇದೇ ಪ್ರಯೋಗ ಮಾಡುವ ಆಸೆ ಇದ್ದರೆ, 2025ರ ಮೇ ತಿಂಗಳಲ್ಲಿ ನಿಂಟೆಂಡೊ ಬದಲಾಯಿಸಿದ ಬಳಕೆದಾರರ ಒಪ್ಪಂದ ಒಮ್ಮೆ ಓದಿ. ಅಡ್ಡದಾರಿ ಹಿಡಿದರೆ ಕನ್ಸೋಲ್ ಅನ್ನೇ ಪೂರ್ತಿ ಅಥವಾ ಭಾಗಶಃ ಕೆಲಸಕ್ಕೆ ಬಾರದ ಹಾಗೆ ಮಾಡಬಹುದು ಅಂತ ಅದರಲ್ಲಿ ಬರೆದಿದ್ದಾರೆ.