ಕಾಲು ಇನ್ನೂ ಅಗಲ ಮಾಡಿ ನಿಂತ್ರೆ ಬೇಸ್‌ಬಾಲ್ ಹೊಡೆತಕ್ಕೆ ಪವರ್ ಬರುತ್ತಾ?

ಜಿಮ್‌ನಲ್ಲಿ ಅಷ್ಟು ಭಾರ ಎತ್ತಿದ್ರೂ ಬಾಲ್ ಇನ್‌ಫೀಲ್ಡ್ (ಬೇಸ್‌ಗಳ ಸುತ್ತಲಿನ ಒಳ ಮೈದಾನ) ದಾಟ್ತಿಲ್ಲ, ಸ್ಟಾನ್ಸ್ ಅಗಲ ಮಾಡ್ಲಾ ಅಂತ ಕೇಳಿದೀರ. ನಾನೂ ಎರಡು ಸೀಸನ್ ಇದೇ ಗೋಳಲ್ಲಿದ್ದವನು, ವಾರಕ್ಕೊಂದು ಸ್ಟಾನ್ಸ್ ಬದಲಾಯಿಸ್ತಿದ್ದೆ, ಬಾಲ್ ಮಾತ್ರ ತಪ್ಪದೆ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಕೈಗೇ ಹೋಗ್ತಿತ್ತು.

ನಿಲ್ಲೋ ಭಂಗಿಯಿಂದಲೇ ಪವರ್ ಬರಲ್ಲ ಕಣ್ರೀ. ಜಪಾನಿನ ಸದಾಹರು ಓ ಕೊಕ್ಕರೆ ಥರ ಒಂಟಿಕಾಲಲ್ಲಿ ನಿಂತು 868 ಹೋಮ್ ರನ್ (ಕ್ರಿಕೆಟ್ ಸಿಕ್ಸರ್ ಥರ ಬೇಲಿ ದಾಟೋ ಹೊಡೆತ) ಹೊಡೆದ, ಅಮೆರಿಕದ ಜೆಫ್ ಬ್ಯಾಗ್‌ವೆಲ್ ಇಷ್ಟಗಲ ಕಾಲು ಹಾಕಿ ಅರ್ಧ ಕೂತ್ಕೊಂಡು ಮೇಜರ್ ಲೀಗ್‌ನಲ್ಲಿ 449 ಹೊಡೆದ. ನೋಡಬೇಕಾಗಿರೋದು ಮುಂದಿನ ಪಾದ ನೆಲಕ್ಕೆ ಊರೋ ಕ್ಷಣ. ಆಗ ತಲೆ ಎರಡೂ ಪಾದದ ನಡುವೆ ಇರಬೇಕು, ಮುಂದಿನ ಕಾಲು ಗಟ್ಟಿಯಾಗಿ ತಡೀಬೇಕು. ಬಸ್ ಗಕ್ಕನೆ ಬ್ರೇಕ್ ಹಾಕಿದ್ರೆ ಒಳಗಿರೋರು ಮುಂದಕ್ಕೆ ಎಸೆದ ಹಾಗಾಗ್ತಾರಲ್ಲ, ಹಾಗೇ ಕಾಲು ತಡೆದಾಗ ಮೈಯ ವೇಗ ಸೊಂಟ ತಿರುಗಿಸುತ್ತೆ, ಭುಜ ಒಂಚೂರು ತಡವಾಗಿ ಹಿಂಬಾಲಿಸುತ್ತೆ, ಆಮೇಲೆ ಕೈ, ಕೊನೇಲಿ ಬ್ಯಾಟ್. ಮಂಡಿ ಕುಸಿದ್ರೆ ಆ ಕಸುವೆಲ್ಲ ಅಲ್ಲೇ ಸೋರಿಹೋಗುತ್ತೆ.

ನಂದು ಅದೇ ಆಗಿತ್ತು. ಫ್ರೆಂಡ್ ಪಕ್ಕದಿಂದ ಸ್ಲೋ ಮೋಷನ್ ವಿಡಿಯೋ ಮಾಡಿದ, ನೋಡಿದ್ರೆ ಬ್ಯಾಟ್ ಇನ್ನೂ ಹೊರಟೇ ಇಲ್ಲ, ತಲೆ ಆಗಲೇ ಒಂದು ಗೇಣು ಮುಂದೆ ಹೋಗಿದೆ, ಮುಂದಿನ ಮಂಡಿ ಮೆತ್ತಗೆ ಬಗ್ಗಿದೆ. ಗಂಟೆಗೆ 90 ಮೈಲಿ ಫಾಸ್ಟ್‌ಬಾಲ್ ಸುಮಾರು 0.4 ಸೆಕೆಂಡಲ್ಲಿ ಬಂದುಬಿಡುತ್ತೆ, ಆ ಗಡಿಬಿಡೀಲಿ ಮುಂಚೆನೇ ಮುಂದಕ್ಕೆ ವಾಲಿಬಿಟ್ರೆ ಚೇಂಜಪ್ (ಫಾಸ್ಟ್‌ಬಾಲ್ ಥರ ಕಂಡು ನಿಧಾನವಾಗಿ ಬರೋ ಎಸೆತ) ಬಂದಾಗ ಉಳಿಯೋದು ಬರೀ ತೋಳು, ತೋಳಿನ ಹೊಡೆತ ಎಷ್ಟು ದೂರ ಹೋಗುತ್ತೆ ಹೇಳಿ.

ಅಗಲದ ವಿಷಯಕ್ಕೆ ಬಂದ್ರೆ, ಭುಜಕ್ಕಿಂತ ಸ್ವಲ್ಪ ಜಾಸ್ತಿ ಇರಲಿ ಸಾಕು. ತೀರಾ ಅಗಲ ಆದ್ರೆ ಸೊಂಟ ಸಿಕ್ಕಾಕೊಳ್ಳುತ್ತೆ, ತೀರಾ ಹತ್ತಿರ ಆದ್ರೆ ಉದ್ದ ಹೆಜ್ಜೆ ಇಡಬೇಕಾಗಿ ತಲೆ ಕೆಳಗಿಳಿಯುತ್ತೆ, ಬಾಲ್ ಸರಿಯಾಗಿ ಕಾಣಲ್ಲ. ಹಿಂದಿನ ಕಾಲಲ್ಲಿ ಭಾರ ಪಾದದ ಒಳಬದಿಗೆ ಇರಲಿ, ಹೊರ ಅಂಚಿಗೆ ಜಾರಿದ್ರೆ ಅಲ್ಲೇ ಆಯ ತಪ್ಪಿತು.

ಟೀ (ಬಾಲ್ ಇಡೋ ಕೋಲಿನಂಥ ಸ್ಟ್ಯಾಂಡ್) ಮೇಲೆ ಬಾಲ್ ಇಟ್ಟು ಹೊಡೀರಿ, ಹೊಡೆದ ಮೇಲೆ ಹಾಗೇ ಕಲ್ಲಿನ ಥರ ನಿಂತು ಮೂರು ಎಣಿಸಿ. ಮೊದಲ ದಿನ ನಾನು ಪ್ರತಿ ಸಲ ಮುಂದೆ ನೆಲದಲ್ಲಿರೋ ಹೋಮ್ ಪ್ಲೇಟ್ ಕಡೆಗೇ ಮುಗ್ಗರಿಸ್ತಿದ್ದೆ (ಭಾರ ಪೂರ್ತಿ ಬೆರಳ ತುದೀಲಿತ್ತು, ಗೊತ್ತೇ ಆಗಿರ್ಲಿಲ್ಲ). ನಿಮಗೂ ಹಾಗಾದ್ರೆ ಯಾವ ಕಡೆ ಬೀಳ್ತೀರ ಅಂತ ಇಲ್ಲೇ ಬರೀರಿ.