ಓದುಗರ ಪ್ರಶ್ನೆ: ಮನೆಮಂದಿಯ ಜೊತೆ ಕಾರಲ್ಲಿ ಮಲೆನಾಡಿಗೆ

ಪ್ರಶ್ನೆ: ಅಕ್ಟೋಬರ್ ರಜೆಯಲ್ಲಿ ನಾಲ್ಕು ದಿನ ಸಿಗುತ್ತದೆ. ಇಬ್ಬರು ಮಕ್ಕಳು, ಅತ್ತೆ-ಮಾವ ಸೇರಿ ಆರು ಜನ. ಬೆಂಗಳೂರಿನಿಂದ ಹೊರಟು ಕುದುರೆಮುಖ, ಆಗುಂಬೆ, ಜೋಗ, ಯಾಣ, ದಾಂಡೇಲಿ ಮುಗಿಸಿ ಬರಬಹುದೇ? (ಓದುಗರೊಬ್ಬರು, ಬೆಂಗಳೂರು)

ಉತ್ತರ: ಯಾಣ, ದಾಂಡೇಲಿ ಎರಡನ್ನೂ ಈ ಸಲಕ್ಕೆ ಬಿಡಿ. ಮ್ಯಾಪ್ ತೋರಿಸುವ ಕಿಲೋಮೀಟರ್ ನೋಡಿ ಮಲೆನಾಡಿನ ಪ್ರವಾಸಕ್ಕೆ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಘಟ್ಟದ ತಿರುವುಗಳಲ್ಲಿ ಗಂಟೆಗೆ 25ರಿಂದ 30 ಕಿ.ಮೀ. ಸಾಗಿದರೆ ಅದೇ ದೊಡ್ಡದು. ವಯಸ್ಸಾದವರೂ ಮಕ್ಕಳೂ ಇದ್ದಾಗ ಎರಡು ಗಂಟೆಗೊಮ್ಮೆ ನಿಲ್ಲಿಸಲೇಬೇಕು. ಅಕ್ಟೋಬರ್‌ನಲ್ಲಿ ಸಂಜೆ ಆರೂಕಾಲರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಆದ್ದರಿಂದ ಪ್ರತಿದಿನ ಐದು ಗಂಟೆಗೆ ತಂಗುವ ಊರು ಸೇರಿರಬೇಕು ಎಂದಿಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಮೊದಲ ದಿನ ಬೆಳಿಗ್ಗೆ ಐದಕ್ಕೆ ಹೊರಟು ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಬನ್ನಿ, ಸುಮಾರು 320 ಕಿ.ಮೀ. ಆ ದಿನ ಬೇಲೂರಿನ ದೇವಸ್ಥಾನ ಬಿಟ್ಟರೆ ಬೇರೇನೂ ಇಟ್ಟುಕೊಳ್ಳಬೇಡಿ. ಎರಡನೇ ದಿನ ಕಳಸದಿಂದ ಕುದುರೆಮುಖ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ), ಶೃಂಗೇರಿ ದಾರಿಯಾಗಿ ಆಗುಂಬೆ. ದೂರ ಕಡಿಮೆಯೇ, ಆದರೂ ಇಡೀ ದಿನ ಇದಕ್ಕೇ ಕೊಡಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಲ್ಲಿ ಹುಲ್ಲುಗಾವಲಿನ ಬೋಳುಗುಡ್ಡಗಳು, ಅವುಗಳ ಮಡಿಲಲ್ಲಿ ಶೋಲಾ ಎನ್ನುವ ದಟ್ಟ ಕಣಿವೆ ಕಾಡು ರಸ್ತೆಯಿಂದಲೇ ಕಾಣುತ್ತವೆ. 2005ರ ಕೊನೆಗೆ ನಿಂತ ಕಬ್ಬಿಣದ ಅದಿರು ಗಣಿಯ ಊರೂ ಇದೇ ದಾರಿಯಲ್ಲಿದೆ. ಗಣಿ ನಿಂತ ಮೇಲೆ ಕಾಡು ಹೇಗೆ ಮರಳುತ್ತಿದೆ ಎಂದು ಮಕ್ಕಳಿಗೆ ತೋರಿಸಿ.

ಅರಣ್ಯ ಚೆಕ್‌ಪೋಸ್ಟ್‌ನಲ್ಲಿ ಗಾಡಿ ನಂಬರ್, ಹೊತ್ತು ಬರೆದ ಚೀಟಿ ಕೊಡುತ್ತಾರೆ. ಅದನ್ನು ಜೋಪಾನವಾಗಿಟ್ಟುಕೊಂಡು ಆ ಕಡೆಯ ಗೇಟಿನಲ್ಲಿ ತೋರಿಸಬೇಕು. ತಡವಾದರೆ ದಂಡ. ಕಂಡಕಂಡಲ್ಲಿ ನಿಲ್ಲಿಸುವುದು, ರಸ್ತೆ ಬದಿ ಒಲೆ ಹಚ್ಚುವುದು ಬೇಡ. ಹನುಮನಗುಂಡಿ, ಕಡಾಂಬಿ ಜಲಪಾತಗಳ ಬಳಿ ಇಳಿದರೆ ಸಾಕು. ಹನುಮನಗುಂಡಿಯಲ್ಲಿ ಮೆಟ್ಟಿಲು ಇಳಿಯಬೇಕು, ಮೊಣಕಾಲು ನೋವಿರುವ ಹಿರಿಯರು ಮೇಲೆಯೇ ಇರಲಿ. ಪೆಟ್ರೋಲ್ ಕಳಸದಲ್ಲಿ ತುಂಬಿಸಿಕೊಳ್ಳಿ. ಮೊಬೈಲ್ ಸಿಗ್ನಲ್ ಗಂಟೆಗಟ್ಟಲೆ ಇರುವುದಿಲ್ಲ, ಹಿಂದಿನ ರಾತ್ರಿಯೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ. ಕುದುರೆಮುಖ ಶಿಖರ ಹತ್ತುವ ಆಸೆಯಿದ್ದರೆ ಅದು ಬೇರೆಯೇ ಪ್ರವಾಸ: ಅರಣ್ಯ ಇಲಾಖೆಯಿಂದ ಮುಂಗಡ ಅನುಮತಿ ಬೇಕು, ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಚಾರಣವೂ ಅಲ್ಲ.

ಆಗುಂಬೆಯ ಸೂರ್ಯಾಸ್ತದ ಜಾಗ ಘಟ್ಟದ ತಲೆಯಲ್ಲೇ ಇದೆ. ಅದಕ್ಕಾಗಿ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರಕ್ಕೆ ಹೋಗಿ ಮತ್ತೆ ಹತ್ತಬೇಕಿಲ್ಲ. ಅಕ್ಟೋಬರ್‌ನಲ್ಲಿ ಮೋಡ ಮುಚ್ಚುವುದೇ ಹೆಚ್ಚು. ಅರಬ್ಬಿ ಸಮುದ್ರ ಕಾಣಬೇಕೆಂದರೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಮೂರನೇ ದಿನ ತೀರ್ಥಹಳ್ಳಿ, ಹೊಸನಗರ, ಸಾಗರದ ಮೇಲೆ ಜೋಗ. ನಾಲ್ಕನೇ ದಿನ ಜೋಗದಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ., ಹೆಚ್ಚಿನದು ಬಯಲು ದಾರಿ.

ಪ್ರಶ್ನೆ: ಜೋಗಕ್ಕೆ ಹೋದಾಗ ನೀರೇ ಇರಲಿಲ್ಲ, ಇನ್ನೊಮ್ಮೆ ಹೋದಾಗ ಮಂಜು. ಯಾವಾಗ ಹೋಗಬೇಕು? (ಓದುಗರು, ಚಿತ್ರದುರ್ಗ)

ಉತ್ತರ: ಶರಾವತಿ 253 ಮೀಟರ್ ಧುಮುಕುವ ಜಾಗಕ್ಕಿಂತ ಮೇಲೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟಿದೆ. ವಿದ್ಯುತ್ತಿಗಾಗಿ ನೀರು ಅಲ್ಲೇ ನಿಲ್ಲುತ್ತದೆ. ಗೇಟು ತೆಗೆಯದ ದಿನಗಳಲ್ಲಿ ನೀವು ನೋಡುವುದು ಅಣೆಕಟ್ಟಿನ ಕೆಳಗೆ ಸುರಿದ ಮಳೆಯ ನೀರನ್ನು. ಹಾಗಾಗಿ ಪತ್ರಿಕೆಯಲ್ಲಿ ಬರುವ ಜಲಾಶಯದ ಮಟ್ಟ ನೋಡಿಕೊಳ್ಳಿ, ಗರಿಷ್ಠ 1819 ಅಡಿ. ಅದರ ಹತ್ತಿರ ಬಂದು ಗೇಟು ತೆಗೆದ ಸುದ್ದಿ ಬಂದರೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಮೈದುಂಬುತ್ತವೆ. ಜುಲೈನಲ್ಲಿ ಮಂಜಿನ ಕಾಟ ಹೆಚ್ಚು. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ನೀರೂ ಬಿಸಿಲೂ ಒಟ್ಟಿಗೆ ಸಿಗುವ ಸಂಭವವಿದೆ. ಮಂಜು ಮುಚ್ಚಿದ್ದರೆ ವಾಪಸು ಹೊರಡಬೇಡಿ. ಗಾಳಿ ಬೀಸಿದಾಗ ಐದು ನಿಮಿಷ ತೆರೆದುಕೊಳ್ಳುತ್ತದೆ, ಒಂದೆರಡು ಗಂಟೆ ಕಾಯಲು ಬಿಡುವಿಟ್ಟುಕೊಂಡೇ ಹೋಗಿ.

ಪ್ರಶ್ನೆ: ನಮ್ಮದು ಆಟೊಮ್ಯಾಟಿಕ್ ಕಾರು. ಘಟ್ಟ ಇಳಿಯುವಾಗ ಸುಟ್ಟ ವಾಸನೆ ಬಂದು ಬ್ರೇಕ್ ಪೆಡಲ್ ಮೆತ್ತಗಾಯಿತು. ಏಕೆ? (ಓದುಗರು, ತುಮಕೂರು)

ಉತ್ತರ: ಗೇರ್ ಲಿವರನ್ನು ಮಾಮೂಲಿ ಓಡಿಸುವ ‘ಡಿ’ಯಲ್ಲೇ ಇಟ್ಟು ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿದರೆ ಹೀಗಾಗುತ್ತದೆ. ಗಾಡಿಯ ಭಾರವೆಲ್ಲ ಬ್ರೇಕ್‌ಗೆ ಬಿದ್ದು ಪ್ಯಾಡ್, ಡಿಸ್ಕ್ ಕಾಯುತ್ತವೆ. ಆ ಶಾಖ ಬ್ರೇಕ್ ಆಯಿಲ್‌ಗೆ ತಲುಪಿ ಅದು ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆ ಅದುಮಿದರೆ ಕುಗ್ಗುತ್ತದೆ, ಅದಕ್ಕೇ ಪೆಡಲ್ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹೊಸ ‘ಡಾಟ್ 4’ ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ತಡೆದರೆ, ತೇವ ಕುಡಿದದ್ದು 155 ಡಿಗ್ರಿಗೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ.

ಇಳಿಜಾರು ಶುರುವಾಗುವ ಮೊದಲೇ ‘ಎಲ್’, ‘2’ ಅಥವಾ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಎರಡನೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಅದರ ಸದ್ದು ಜೋರಾದರೆ ಹೆದರಬೇಕಾಗಿಲ್ಲ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ಬಿಟ್ಟುಬಿಡಿ. ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ ಇಳಿಯುವುದು ಜೀವಕ್ಕೇ ಕುತ್ತು: ಪೆಡಲ್ ಒತ್ತಲು ಬಲ ಕೊಡುವ ಬ್ರೇಕ್ ಬೂಸ್ಟರ್, ಪವರ್ ಸ್ಟೀರಿಂಗ್ ಎರಡೂ ಕೈಕೊಡುತ್ತವೆ. ವಾಸನೆ ಬಂದರೆ ಅಗಲವಾದ ಜಾಗ ಕಂಡಲ್ಲಿ ಅರ್ಧ ಗಂಟೆ ನಿಲ್ಲಿಸಿ. ಕಾದ ಡಿಸ್ಕ್‌ಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಹ್ಯಾಂಡ್‌ಬ್ರೇಕ್ ಬದಲು ಚಕ್ರಕ್ಕೆ ಕಲ್ಲು ಕೊಡಿ, ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲಿ ಬಿಟ್ಟು ಹೋಗಬೇಡಿ.

ಎಎಂಟಿ (ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ತಾನಾಗಿ ಬದಲಿಸುವ) ಕಾರಾದರೆ ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿಯಬೇಡಿ, ಕ್ಲಚ್ ಸುಡುತ್ತದೆ. ಕಡಿದಾದ ಕಿರುದಾರಿಯಲ್ಲಿ ಏರುವವರಿಗೆ ಮೊದಲು ದಾರಿ ಬಿಡಬೇಕೆಂಬುದು ನಿಯಮ. ಬಸ್ಸು ಎದುರಾದರೆ ತಿರುವಿನೊಳಕ್ಕೆ ನುಗ್ಗದೆ ಮೊದಲೇ ನಿಲ್ಲಿ. ಅದಕ್ಕೆ ತಿರುಗಲು ರಸ್ತೆಯ ಪೂರ್ತಿ ಅಗಲ ಬೇಕು.

ಪ್ರಶ್ನೆ: ಏಳು ವರ್ಷದ ಮಗಳು ತಿರುವು ಶುರುವಾದರೆ ವಾಂತಿ ಮಾಡುತ್ತಾಳೆ. (ಓದುಗರು, ಮೈಸೂರು)

ಉತ್ತರ: ಕಿವಿಯೊಳಗಿನ ಸಮತೋಲನದ ಅಂಗ ‘ಚಲಿಸುತ್ತಿದ್ದೇವೆ’ ಎನ್ನುವಾಗ ಕಣ್ಣು ಮೊಬೈಲಿನಲ್ಲಿ ನೆಟ್ಟಿದ್ದರೆ ಮಿದುಳು ಗೊಂದಲಗೊಳ್ಳುತ್ತದೆ. ಮೊಬೈಲ್, ಪುಸ್ತಕ ತೆಗೆದಿಡಿ. ಮೂರನೇ ಸಾಲಿನಲ್ಲಿ ಕೂರಿಸಲೇಬೇಡಿ. ನಡುಸಾಲಿನಲ್ಲಿ, ಮುಂದಿನ ರಸ್ತೆ ಕಾಣುವಂತೆ ಮಕ್ಕಳನ್ನು ಎತ್ತರಿಸುವ ಬೂಸ್ಟರ್ ಸೀಟಿನ ಮೇಲೆ ಬೆಲ್ಟ್ ಹಾಕಿ ಕೂರಿಸಿ. ಹೊರಡುವ ಎರಡು ಗಂಟೆ ಮುಂಚೆ ಎರಡು ಇಡ್ಲಿ ಸಾಕು. ಹಾಲು, ಎಣ್ಣೆ ತಿಂಡಿ ಬೇಡ. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಪ್ರೊಮೆಥಜೀನ್ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಘಟ್ಟ ತಲುಪುವ ಒಂದು ಗಂಟೆ ಮೊದಲು ಕೊಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು. ನಿದ್ದೆ ಬರುವುದರಿಂದ ಗಾಡಿ ಓಡಿಸುವವರೂ ನುಂಗಬಾರದು. ಅರ್ಧ ಮದ್ದು ಓಡಿಸುವವರ ಕೈಯಲ್ಲೇ ಇದೆ: ತಿರುವಿನಲ್ಲಿ ವೇಗ ತಗ್ಗಿಸಿ.

ಪ್ರಶ್ನೆ: ಇಂಬಳ, ಮಂಗನ ಕಾಯಿಲೆ ಎರಡರ ಭಯವೂ ಇದೆ. (ಓದುಗರು, ಧಾರವಾಡ)

ಉತ್ತರ: ಇಂಬಳಕ್ಕೆ ಹೆದರಬೇಕಾಗಿಲ್ಲ. ಕಚ್ಚಿದ್ದನ್ನು ಕಿತ್ತೆಳೆಯದೆ, ಬಾಯಿ ಇರುವ ಕಡೆ ಉಗುರು ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಎಂಜಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಚೊಕ್ಕ ಬಟ್ಟೆ ಒತ್ತಿ ಹಿಡಿಯಿರಿ.

ಮಂಗನ ಕಾಯಿಲೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಉಣ್ಣೆ ಹುಳುವಿನಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ, ಕ್ರಿಸ್‌ಮಸ್ ರಜೆ, ಬೇಸಿಗೆ ರಜೆ ಎರಡೂ ಅದರೊಳಗೇ ಬರುತ್ತವೆ. ಆ ತಿಂಗಳುಗಳಲ್ಲಿ ಕಾಡಿನ ತರಗೆಲೆಯ ಮೇಲೆ ಕೂರುವುದು, ಸೊಪ್ಪಿನ ನಡುವೆ ಮಕ್ಕಳನ್ನು ಆಡಲು ಬಿಡುವುದು ಬೇಡ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಅರಣ್ಯ ಸಿಬ್ಬಂದಿಗೋ ತಿಳಿಸಿ. ಉಣ್ಣೆ ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲದ ಬಗ್ಗೆಯೂ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕಾಡಿನಿಂದ ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆ ಬಿಸಿನೀರಿಗೆ ಹಾಕಿ. ಊರಿಗೆ ಬಂದ ವಾರದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ.

ಪ್ರಶ್ನೆ: ಆಫೀಸು ಮುಗಿಸಿ ಸಂಜೆ ಬೆಂಗಳೂರು ಬಿಟ್ಟು, ರಾತ್ರಿಯೇ ಬಂಡೀಪುರದ ಮೇಲೆ ಊಟಿ ಸೇರಬಹುದೇ? (ಓದುಗರು, ರಾಮನಗರ)

ಉತ್ತರ: ಆಗದು. ಬಂಡೀಪುರದ ಎರಡೂ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನ ಬಿಡುವುದಿಲ್ಲ. ನಾಗರಹೊಳೆಯೊಳಗಿನ ಬಾವಲಿ ರಸ್ತೆಯಲ್ಲಂತೂ ಸಂಜೆ 6ಕ್ಕೇ ಗೇಟು ಹಾಕುತ್ತಾರೆ. ಕತ್ತಲಲ್ಲಿ ರಸ್ತೆ ದಾಟುವ ಜಿಂಕೆ, ಆನೆಗಳ ಪ್ರಾಣ ಉಳಿಸಲು ಬಂದ ನಿಯಮವಿದು, ಮನಸಾರೆ ಪಾಲಿಸಬೇಕಾದದ್ದು. ಗುಂಡ್ಲುಪೇಟೆಯಲ್ಲಿ ಮಲಗಿ ಬೆಳಿಗ್ಗೆ ಆರಕ್ಕೆ ಹೊರಡಿ, ಪ್ರಾಣಿಗಳು ಕಾಣುವ ಹೊತ್ತೂ ಅದೇ. ಊಟಿ ಇರುವ ನೀಲಗಿರಿ ಜಿಲ್ಲೆಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಪದ್ಧತಿಯಿದೆ, ಮನೆಯಲ್ಲೇ ಮಾಡಿಸಿಕೊಳ್ಳಿ. ಒಂದೆರಡು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿ ಅಲ್ಲಿ ನಿಷಿದ್ಧ, ಸ್ಟೀಲಿನದು ತೆಗೆದುಕೊಂಡು ಹೋಗಿ.